ಗೋಪೂಜೆಯ ದಿನ ಬೆದೆಗೆ ಬಂದ ಆಕಳು

ನಿಷೇಚನದ ಪಾಠಕ್ಕೆ ನಾನು ಎರಡು ಪಿರಿಯಡ್ಡಿಗಿಂತ ಹೆಚ್ಚು ಕೊಟ್ಟವಳಲ್ಲ. ಮೊದಲನೆಯದರಲ್ಲಿ ವೀರ್ಯಾಣು, ಅಂಡಾಣುಗಳ ಚಿತ್ರ. ಎರಡನೆಯದರಲ್ಲಿ ಅವು ಕೂಡಿ ಒಂದಾಗುವ ಬಗೆ. ಬಣ್ಣದ ಸೀಮೆಸುಣ್ಣ ನನ್ನದೇ. ಅಂಡಾಣುವಿಗೆ ಹಳದಿ, ವೀರ್ಯಾಣುವಿಗೆ ಬಿಳಿ. ಆ ಪುಟ ಬಂದಾಗ 'ಇದನ್ನು ಮನೆಯಲ್ಲಿ ಓದಿಕೊಳ್ಳಿ' ಎಂದು ಮುಂದಿನ ಪಾಠಕ್ಕೆ ಜಿಗಿಯುವ ಮೇಷ್ಟರುಗಳು ಬೇಕಾದಷ್ಟಿದ್ದರು. ನಾನು ಜಿಗಿಯಲಿಲ್ಲ. ಮೊದಲು ಶಿರಸಿಯಲ್ಲಿ, ಆಮೇಲೆ ಯಲ್ಲಾಪುರದ ಹೈಸ್ಕೂಲಿನಲ್ಲಿ, ಹಿಂದಿನ ಬೆಂಚಿನ ಕಿಸಿಕಿಸಿ ನಿಲ್ಲುವವರೆಗೆ ಸುಮ್ಮನೆ ನಿಂತಿದ್ದು, ನಿಂತ ಮೇಲೆ ಶುರು ಮಾಡಿ, ಗಂಟೆ ಹೊಡೆಯುವ ಮುಂಚೆ ಮುಗಿಸುತ್ತಿದ್ದೆ. ಕಪ್ಪುಹಲಗೆಯ ಮೇಲೆ ನನ್ನ ವೀರ್ಯಾಣು ಒಂದು ದಿನವೂ ತಡವಾಗಿ ಬಂದದ್ದಿಲ್ಲ.

ನಿವೃತ್ತಿಯಾದ ಮೇಲೆ ಅದೇ ಪಾಠವನ್ನು ನಮ್ಮ ಮನೆಯಲ್ಲಿ ಒಂದು ವರ್ಷ ಮಾಡಿದೆ. ಮನೆಯವರಲ್ಲಿ ಒಬ್ಬರೂ ಅದನ್ನು ಪೂರ್ತಿ ಕೇಳಲಿಲ್ಲ.

ಮನೆ ಎಂದರೆ ನನ್ನ ತಮ್ಮನದು, ಸಿದ್ದಾಪುರದಿಂದ ಶಿರಸಿಗೆ ಬರುವ ರಸ್ತೆಯಿಂದ ಸ್ವಲ್ಪ ಒಳಗೆ. ನಾನು ಮದುವೆಯಾದವಳಲ್ಲ. ನಿವೃತ್ತಿಯ ನಂತರ ಟ್ರಂಕು, ಪುಸ್ತಕ, ಅಲಾರಂ ಗಡಿಯಾರ ಹಿಡಿದುಕೊಂಡು ಇಲ್ಲಿಗೆ ಬಂದೆ. ತಮ್ಮ ಒಳ್ಳೆಯವನೇ, ಆದರೆ ಗಡಿಯಾರ ನೋಡುವವನಲ್ಲ. ಅವನ ಹೆಂಡತಿ ಗಡಿಯಾರ ನೋಡುತ್ತಾಳೆ, ಆದರೆ ಅದಕ್ಕಿಂತ ಮೊದಲು ಪಂಚಾಂಗ ನೋಡುತ್ತಾಳೆ. ಇವರಿಬ್ಬರ ನಡುವೆ ನಾನು. ಏಳುವುದು, ಸ್ನಾನ, ಚಹಾ, ಪೇಪರು, ಊಟ, ಮಧ್ಯಾಹ್ನದ ವಿಶ್ರಾಂತಿ, ಸಂಜೆಯ ನಡಿಗೆ, ಎಲ್ಲಕ್ಕೂ ನನಗೆ ಹೊತ್ತಿದೆ. ಆ ಹೊತ್ತು ತಪ್ಪಿದರೆ ಇಡೀ ದಿನ ನನಗೆ ಏನೋ ಬಿದ್ದುಹೋದ ಹಾಗೆ.

ಕೊಟ್ಟಿಗೆಯಲ್ಲಿ ಆಗ ದನಗಳು ಮೂರು. ಅವುಗಳಲ್ಲಿ ಕೆಂಪು ಬಣ್ಣದ ಜರ್ಸಿ ಮಿಶ್ರತಳಿಯದೊಂದು. ಅದರ ತಾಯಿ ಕರು ಹಾಕಿದ ವಾರದಲ್ಲೇ ಸತ್ತಿತ್ತು. ತಮ್ಮನ ಹೆಂಡತಿ ಬಾಟಲಿಗೆ ನಿಪ್ಪಲ್ಲು ಸಿಕ್ಕಿಸಿ ಹಾಲು ಕುಡಿಸಿ ಆ ಕರುವನ್ನು ಬದುಕಿಸಿದ್ದಳು. ದೊಡ್ಡದಾದ ಮೇಲೂ ಅದು ಅವಳ ಸೆರಗು ಕಂಡರೆ ನೆಕ್ಕಲು ಬರುತ್ತಿತ್ತು. ಒಂದು ಸಲ ಚೆನ್ನಾಗಿ ಕರು ಹಾಕಿ ಹಾಲು ಕೊಟ್ಟಿತು. ಆಮೇಲೆ ಹಾಲು ಬತ್ತಿಹೋಯಿತು. ಇಂಜೆಕ್ಷನ್ ಮಾಡಿಸಿದರೂ ಗಬ್ಬ ನಿಲ್ಲಲಿಲ್ಲ. ಇಂಜೆಕ್ಷನ್ ಎಂದರೆ ನಮ್ಮ ಕಡೆ ಎಲ್ಲರೂ ಹೇಳುವ ಮಾತು. ಸೂಜಿ ಏನೂ ಇಲ್ಲ, ದ್ರವ ಸಾರಜನಕದ ಕ್ಯಾನಿನಲ್ಲಿ ಹೆಪ್ಪುಗಟ್ಟಿಸಿಟ್ಟ ಹೋರಿಯ ವೀರ್ಯದ ಕಡ್ಡಿಯನ್ನು ತಂದು ಆಕಳ ಗರ್ಭಕ್ಕೆ ಸೇರಿಸುವುದು.

ಎರಡು ಸಲ ತಪ್ಪಿದ ಮೇಲೆ ತಮ್ಮ ಊಟದ ಎಲೆಯ ಮುಂದೆ ಕೂತು ಹೇಳಿದ. "ಇನ್ನೊಂದ್ಸಲ ನೋಡ್ತೆ. ಈ ಸಲನೂ ನಿಂತಿದ್ದಿಲ್ಲೆ ಅಂದ್ರೆ ಗುಡ್ನಾಪುರದವಂಗೆ ಕೊಟ್ಟು ಬಿಡ್ತೆ. ಬರೀ ತಿಂಬಲೆ ಎಂತಕ್ಕೆ ಸಾಕವು?"

ಗುಡ್ನಾಪುರದವನು ಎಂದರೆ ಬನವಾಸಿ ಹತ್ತಿರ ಹತ್ತಾರು ದನ ಕಟ್ಟಿ ಹಾಲಿನ ವ್ಯವಹಾರ ಮಾಡುವ ರೈತ. ಯಾರ ಮನೆಯಲ್ಲಿ ದನ ಬೇಡವಾಯಿತು ಎಂದು ಅವನಿಗೆ ಹೇಗೋ ತಿಳಿಯುತ್ತದೆ.

ತಮ್ಮನ ಹೆಂಡತಿ ಬಡಿಸುತ್ತಿದ್ದ ಅನ್ನದ ಪಾತ್ರೆಯನ್ನು ಕೆಳಗಿಟ್ಟು ಕೊಟ್ಟಿಗೆಗೆ ಹೋದಳು. ನಮಗಿಬ್ಬರಿಗೂ ಮಜ್ಜಿಗೆ ಬಡಿಸುವವರಿರಲಿಲ್ಲ. ನಾನೇ ಎದ್ದು ಬಡಿಸಿದೆ.

ನನಗೆ ಸಿಟ್ಟು ಬಂದದ್ದು ಅವನ ತೀರ್ಮಾನಕ್ಕಲ್ಲ. ಆ ಎರಡು ಸಲ ತಪ್ಪಿದ್ದು ಆಕಳ ದೋಷದಿಂದಲ್ಲ ಎನ್ನುವುದಕ್ಕೆ. ಮೊದಲನೆಯ ಸಲ ಅದು ಬೆದೆಗೆ ಬಂದದ್ದನ್ನು ತಮ್ಮ ಬೆಳಿಗ್ಗೆಯೇ ನೋಡಿದ್ದ. ನೋಡಿಕೊಂಡು ಶಿರಸಿಗೆ ಸೊಸೈಟಿ ಕೆಲಸಕ್ಕೆ ಹೋದ. ಅಲ್ಲಿಂದ ಯಾರದೋ ಮನೆಗೆ ಹೋದ. ಮಾರನೆಯ ದಿನ ತಿಂಡಿ ತಿನ್ನುವಾಗ "ಹಾಂ, ನಿನ್ನೆ ಕೆಂಪು ದನ ಕೂಗ್ತಿತ್ತು" ಎಂದ.

"ನಿನ್ನೆ ನೋಡಿ ಇವತ್ತು ಹೇಳ್ತ್ಯಾ?" ಎಂದೆ.

"ಎಂತ ಆತೀಗ? ಇವತ್ತೂ ಕೂಗ್ತಾ ಇದ್ದಲೀ."

ಆ ಸಲ ಕಡ್ಡಿ ಬಿದ್ದಾಗ ಹೊತ್ತು ಮೀರಿತ್ತು. ಎರಡನೆಯ ಸಲ ನಾನೇ ಕಂಡೆ, ನಾನೇ ಫೋನು ಮಾಡಿದೆ. ಇಂಜೆಕ್ಷನ್ ಮಾಡುವ ಹುಡುಗ, ಹುಡುಗನೆಂದರೆ ಎರಡು ಮಕ್ಕಳ ತಂದೆ, ಬನವಾಸಿ ಕಡೆಯವನು, ಹೇಳಿದ ಹೊತ್ತಿಗೇ ಬೈಕಿನಲ್ಲಿ ಕ್ಯಾನು ಕಟ್ಟಿಕೊಂಡು ಬಂದ. ಅವತ್ತು ನಮ್ಮ ತಂದೆಯ ಶ್ರಾದ್ಧ. ಭಟ್ಟರ ಊಟ ಆಗುವ ತನಕ ಮಡಿಯಲ್ಲಿರುವವರು ಕೊಟ್ಟಿಗೆಗೆ ಹೋಗುವಂತಿಲ್ಲ, ಹೊರಗಿನವರು ಅಂಗಳ ದಾಟುವಂತಿಲ್ಲ. "ನಾನು ಮಡಿಯಲ್ಲಿಲ್ಲ, ನಾನು ಹಿಡಿದುಕೊಳ್ಳುತ್ತೇನೆ" ಎಂದೆ. "ಅಪ್ಪನ ತಿಥಿ ದಿನ ಎಂತ ಮಾತಾಡ್ತೆ ಅಕ್ಕಯ್ಯ" ಎಂದು ತಮ್ಮ ಬಾಯಿ ಮುಚ್ಚಿಸಿದ. ಹುಡುಗ ಕಟ್ಟೆಯ ಮೇಲೆ ಕೂತು, ಎದ್ದು, ಮತ್ತೆ ಕೂತು, ಕೊನೆಗೆ ಬೇರೆ ಮನೆಯ ಫೋನು ಬಂದು ಹೊರಟೇಹೋದ. ವಾಪಸು ಬಂದಾಗ ಆಕಳು ತಣ್ಣಗೆ ಮೆಲುಕು ಹಾಕುತ್ತ ಮಲಗಿತ್ತು. ಆದರೂ ಕಡ್ಡಿ ಹಾಕಿ ಹೋದ; ಗಬ್ಬ ನಿಲ್ಲಲಿಲ್ಲ. ನಮ್ಮ ತಂದೆ ಬದುಕಿದ್ದರೆ ಆ ದಿನ ಎಲ್ಲರಿಗಿಂತ ಮುಂಚೆ ಕೊಟ್ಟಿಗೆಯಲ್ಲಿರುತ್ತಿದ್ದವರು ಅವರೇ.

ಇದರಲ್ಲಿ ತಿಳಿಯದಿರುವಂಥದ್ದು ಏನೂ ಇಲ್ಲ. ಆಕಳ ಬೆದೆ ಒಂದು ಹಗಲೋ ಒಂದು ಇರುಳೋ ಇರುತ್ತದೆ. ಅದು ಇಳಿದ ಮೇಲೆ ಅಂಡಾಶಯದಿಂದ ಒಂದೇ ಒಂದು ಅಂಡಾಣು ಹೊರಬಿದ್ದು ಅಂಡನಾಳಕ್ಕೆ ಬರುತ್ತದೆ. ಅರ್ಧ ದಿನ ಕಾಯುತ್ತದೆ. ಆಮೇಲೆ ಕೆಡುತ್ತದೆ. ವೀರ್ಯಾಣುಗಳು ಅದಕ್ಕಿಂತ ಮೊದಲೇ ಹೋಗಿ ಅಲ್ಲಿ ಸಿದ್ಧವಾಗಿರಬೇಕು. ಹೋದ ಕೂಡಲೇ ಅವು ಏನೂ ಮಾಡಲಾರವು; ಆಕಳ ಹೊಟ್ಟೆಯೊಳಗೆ ಕೆಲವು ಗಂಟೆ ಇದ್ದ ಮೇಲೆಯೇ ಅವಕ್ಕೆ ಒಳಹೊಗುವ ಶಕ್ತಿ ಬರುವುದು. ಇಷ್ಟೇ. ಹತ್ತನೆಯ ತರಗತಿಯ ಮಕ್ಕಳಿಗೆ ಅರ್ಥವಾಗುತ್ತಿತ್ತು.

ಮನೆಯಲ್ಲಿ ಅರ್ಥ ಮಾಡಿಸಲು ನಾನು ಪ್ರಯತ್ನ ಪಡಲಿಲ್ಲ ಎಂದಲ್ಲ. ಒಂದು ದಿನ ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಸಣ್ಣ ಸಣ್ಣ ಬಿಲ್ಲೆಯಾಗಿ ತೇಲುತ್ತಿತ್ತು. ಇದಕ್ಕಿಂತ ಒಳ್ಳೆಯ ಪಾಠೋಪಕರಣ ಬೇಕೆ? ತಮ್ಮನ ತಟ್ಟೆಗೆ ಚಮಚದ ಹಿಡಿ ಚಾಚಿ ತೋರಿಸಿದೆ. "ನೋಡು, ಈ ದೊಡ್ಡದು ಅಂಡಾಣು. ಈ ಸಣ್ಣದು ವೀರ್ಯಾಣು. ಎರಡಕ್ಕೂ ಸುತ್ತ ತೆಳ್ಳಗೆ ಎಣ್ಣೆಯದೇ ಪೊರೆ. ತಾಗಿದ ಕೂಡ್ಲೆ ಒಂದಾಗ್ತಿಲ್ಲೆ. ಒಂದಕ್ಕೊಂದು ಗುರುತು ಹಿಡಿಯವು. ಆಮೇಲೆ ನಡುವಿನ ಪೊರೆ ಕರಗಿ..."

ಸರಿಯಾಗಿ ಆಗಲೇ ಎರಡು ಬಿಲ್ಲೆಗಳು ಕೂಡಿ ಒಂದಾದವು. ಹಾಗೆ ಕೂಡಿದ್ದನ್ನು ನೋಡಲು ಅವನ ಕಣ್ಣು ಅಲ್ಲಿರಲಿಲ್ಲ.

"ಅಕ್ಕಯ್ಯ, ಮೊದ್ಲು ಸಾರು ಉಂಬಲೆ ಬಿಡು. ಹಸಿವಾಯ್ದು," ಎಂದು ಅಂಡಾಣು, ವೀರ್ಯಾಣು ಎರಡನ್ನೂ ಅನ್ನಕ್ಕೆ ಕಲಸಿ ಉಂಡ. ತಮ್ಮನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ನಕ್ಕಿದ್ದು ಕೇಳಿಸಿತು.

ಮುಂದಿನ ಬೆದೆ ಯಾವಾಗ ಎಂದು ಲೆಕ್ಕ ಹಾಕಿದೆ. ಸುಮಾರು ಮೂರು ವಾರಕ್ಕೊಮ್ಮೆ. ಲೆಕ್ಕ ಬಂದು ನಿಂತದ್ದು ದೊಡ್ಡಹಬ್ಬಕ್ಕೆ, ನಮ್ಮಲ್ಲಿ ದೀಪಾವಳಿಗೆ ಹೇಳುವ ಹೆಸರು ಅದು. ಒಂದು ದಿನ ಹಿಂದೆ ಮುಂದೆ ಆಗಲಿ ಎಂದು ನಾನು ಆಸೆಪಟ್ಟುಕೊಂಡೆ. ಆಗಲಿಲ್ಲ. ಗೋಪೂಜೆಯ ದಿನ ಬೆಳಕು ಹರಿಯುವ ಹೊತ್ತಿಗೆ ತಮ್ಮನ ಹೆಂಡತಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚೆಂಡುಹೂವಿನ ಮಾಲೆ.

"ಅತ್ತಿಗೆ, ಕೂಗ್ತಾ ಇದ್ದು. ಕೇಳ್ಸ್ತಾ?"

ಕೇಳಿಸುತ್ತಿತ್ತು. ಹೋಗಿ ನೋಡಿದರೆ ಬೇರೆ ದನದ ಬೆನ್ನ ಮೇಲೆ ಗಲ್ಲ ಇಟ್ಟು, ಬಾಲ ಸರಿಸಿ, ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ನಾನು ಸ್ನಾನಕ್ಕೂ ಹೋಗದೆ ಫೋನು ಹಿಡಿದೆ. ಬಹಳ ಹೊತ್ತು ಬಾರಿಸಿದ ಮೇಲೆ ಇಂಜೆಕ್ಷನ್ ಹುಡುಗ ಎತ್ತಿದ. ಹಿಂದೆ ತಮಟೆಯ ಶಬ್ದ.

"ಅಕ್ಕೋರ, ಇವತ್ತ ಹಬ್ಬ ಐತ್ರಿ. ನಮ್ಮ ಹೋರಿಗೆ ಬಲೂನ ಕಟ್ಟಾಕ ಹತ್ತೀನಿ."

"ನಿನ್ನ ಹೋರಿ ನಾಳೆಯೂ ಇರ್ತದೆ. ಸಂಜೆಯೊಳಗೆ ಬಾ."

"ಇವತ್ತ ಯಾರ ಮನ್ಯಾಗೂ ಮಾಡಿಸ್ಕೊಳ್ಳಂಗಿಲ್ರಿ. ನಾಳೆ ಮುಂಜಾನೆ ಎದ್ದ ಕೂಡ್ಲೆ ನಿಮ್ಮ ಮನಿಗೇ ಬರ್ತೀನಿ. ತತ್ತಿ ಎಲ್ಲಿಗೆ ಓಡಿ ಹೋಗ್ತೈತ್ರಿ?"

"ಓಡಿ ಹೋಗೂದಿಲ್ಲ. ಸತ್ತು ಹೋಗ್ತದೆ."

"ಹಬ್ಬದ ದಿನ ಅಂಥ ಮಾತ ಆಡಬ್ಯಾಡ್ರಿ ಅಕ್ಕೋರ," ಎಂದು ಫೋನಿಟ್ಟ.

ಬೆಳಗಿನ ಬೆದೆಗೆ ಸಂಜೆಯ ಕಡ್ಡಿ, ಅದು ನಿಯಮ. ಮಾರನೆಯ ಬೆಳಿಗ್ಗೆ ಎಂದರೆ ತಡವೇ. ಆದರೂ ಪೂರ್ತಿ ಕೈಬಿಡುವಂಥದ್ದಲ್ಲ. ಒಂದೇ ಷರತ್ತು: ಅಲ್ಲಿಯವರೆಗೆ ಆಕಳು ಕೊಟ್ಟಿಗೆಯಲ್ಲೇ ಇರಬೇಕು. ಹೊರಗೆ ಬಿಟ್ಟರೆ ಊರಿನ ದನಗಳ ಜೊತೆ ಬಯಲಿನಲ್ಲಿ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಬಯಲಿನಲ್ಲಿ ಒಂದು ಕಪ್ಪು ಗಿಡ್ಡ ಹೋರಿಯಿತ್ತು. ಯಾರ ಮನೆಯದು ಎಂದು ಕೇಳಿದರೆ ಎಲ್ಲರೂ ಪಕ್ಕದ ಮನೆ ತೋರಿಸುತ್ತಿದ್ದರು.

ಪೂಜೆ ಎಂದಿನಂತೆ ಆಯಿತು. ಕೋಡಿಗೆ ಬಣ್ಣ, ಲೋಟದ ಬಾಯನ್ನು ಕೆಮ್ಮಣ್ಣಿನಲ್ಲಿ ಅದ್ದಿ ಮೈಮೇಲೆ ಒತ್ತಿದ ಉಂಗುರಗಳು, ಕೊರಳಿಗೆ ಹೂವಿನ ಮಾಲೆ, ಬಾಯಿಗೆ ಅಕ್ಕಿ ಬೆಲ್ಲ ಬಾಳೆಹಣ್ಣಿನ ಗೋಗ್ರಾಸ. ಆರತಿಯ ನಡುವೆಯೂ ಕೆಂಪು ಆಕಳು ಕೂಗುವುದನ್ನು ಬಿಡಲಿಲ್ಲ. ಮಂಗಳಾರತಿಯಾದ ಮೇಲೆ ತಮ್ಮ ಒಂದೊಂದೇ ದನದ ಹಗ್ಗ ಬಿಚ್ಚತೊಡಗಿದ.

"ಅದನ್ನು ಬಿಡಡ," ಎಂದೆ.

"ಎಂತ ಅಕ್ಕಯ್ಯ, ಪೂಜೆ ಮಾಡಿ ಕಟ್ಟಿ ಹಾಕ್ತ್ವಾ? ವರ್ಷದಲ್ಲಿ ಒಂದು ದಿನ. ಅಜ್ಜನ ಕಾಲದಿಂದ ಈ ಮನೆಲಿ ಇವತ್ತು ದನಕ್ಕೆ ಹಗ್ಗ ಇಲ್ಲೆ."

"ಅಜ್ಜನ ಕಾಲದಲ್ಲಿ ಕಡ್ಡಿ ಇತ್ತಿಲ್ಲೆ."

ಅವನು ಹೆಂಡತಿಯ ಕಡೆ ನೋಡಿದ. ನಾನೂ ನೋಡಿದೆ. ಆಕಳು ಹೋದರೆ ಕಳೆದುಕೊಳ್ಳುವವಳು ಅವಳು. ನನ್ನ ಪರ ಮಾತಾಡುತ್ತಾಳೆ ಎಂದು ನನಗೆ ಸಂಶಯವೇ ಇರಲಿಲ್ಲ. ಅವಳು ಆಕಳ ಕೊರಳಿನ ಮಾಲೆ ಸರಿಮಾಡುತ್ತ, ನನ್ನ ಮುಖ ನೋಡದೆ, "ಅತ್ತಿಗೆ, ಇವತ್ತು ಅದು ಲಕ್ಷ್ಮಿ. ಕಾಲಿಗೆ ಬಿದ್ದು ಎದ್ದವಳು ಆನು. ಅದ್ಕೆ ಹಗ್ಗ ಹಾಕಲೆ ಎನ್ನ ಕೈಲಿ ಆಗ್ತಿಲ್ಲೆ," ಎಂದಳು.

"ನಾಳೆ ಗುಡ್ನಾಪುರದವನು ಹಗ್ಗ ಹಾಕ್ತ. ಅದು ಅಡ್ಡಿಲ್ಯಾ?"

ಅವಳ ಕಣ್ಣಲ್ಲಿ ನೀರು ಬಂತು. ಆದರೂ ಗಂಟು ಬಿಚ್ಚಿದವಳು ಅವಳೇ. ಇವರ ಜೊತೆ ವಾದ ಮಾಡುವುದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ. ತರಗತಿಯಾಗಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ.

ಆಕಳು ಅಂಗಳ ದಾಟಿ ಓಡಿತು. ನಾನು ಉಟ್ಟ ರೇಷ್ಮೆ ಸೀರೆಯಲ್ಲೇ ಕೊಡೆ ಹಿಡಿದುಕೊಂಡು ಹಿಂದೆ ಹೋದೆ. ಬಿಸಿಲಿಗಲ್ಲ, ಹೋರಿಗೆ. ಬಯಲಿನಲ್ಲಿ ಊರಿನ ಅಷ್ಟೂ ದನಗಳು ಹೂವು ಕಟ್ಟಿಕೊಂಡು ಒಂದರ ಹಿಂದೊಂದು ಸುತ್ತುತ್ತಿದ್ದವು. ಹುಡುಗರು ಕೂಗು ಹಾಕಿ ಓಡಿಸುತ್ತಿದ್ದರು. ಗಿಡ್ಡ ಹೋರಿ ನಮ್ಮ ಆಕಳ ಪಕ್ಕ ಬಂದಾಗಲೆಲ್ಲ ನಾನು ಕೊಡೆ ಬಿಚ್ಚಿ ಮುಖಕ್ಕೆ ಹಿಡಿದೆ. ಅದು ಎರಡು ಹೆಜ್ಜೆ ಹಿಂದೆ ಸರಿದು ಸುತ್ತು ಹಾಕಿ ಇನ್ನೊಂದು ಕಡೆಯಿಂದ ಬರುತ್ತಿತ್ತು.

"ಅಕ್ಕೋರೇ, ಹೋರಿಗೂ ಪಾಠನಾ?" ಎಂದು ಪಕ್ಕದ ಮನೆಯವರು ಕಟ್ಟೆಯ ಮೇಲಿಂದ ಕೂಗಿದರು.

"ನಿಮ್ಮ ಹೋರಿ ಹಿಡ್ಕಳಿ ಮೊದ್ಲು!"

"ಎಂಗಳದ್ದಲ್ಲ ಅದು. ಅದು ಊರದ್ದು. ನೀವು ಸುಮ್ಮನೆ ಬೆವರಡಿ, ಅದಕ್ಕೆ ನಿಮ್ಮ ಆಕಳ ಬೆನ್ನು ಎಟುಕ್ತಿಲ್ಲೆ."

ಎಟುಕುವುದಿಲ್ಲ ಎಂದು ನಾನೂ ಅಂದುಕೊಂಡಿದ್ದೆ. ನಮ್ಮ ಆಕಳಿಗೂ ಆ ಹೋರಿಗೂ ಎತ್ತರದಲ್ಲಿ ಅಷ್ಟು ಅಂತರ. ಆದರೆ ಆಕಳು ತಾನಾಗಿಯೇ ಹೋಗಿ ಗದ್ದೆಯ ದಂಡೆಯ ಕೆಳಗೆ ನಿಂತಿತು. ಹೋರಿ ದಂಡೆಯ ಮೇಲೆ ಹತ್ತಿತು. ನಾನು ಗದ್ದೆ ಸುತ್ತಿ ಅಲ್ಲಿ ಮುಟ್ಟುವ ಹೊತ್ತಿಗೆ ಅದು ಇಳಿದು ಹುಲ್ಲು ಮೇಯುತ್ತಿತ್ತು. ಆಗಿತ್ತೋ ಇಲ್ಲವೋ ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ಕಟ್ಟೆಯ ಮೇಲೆ ಕೂತವರಲ್ಲಿ ಅರ್ಧ ಜನ ಆಯಿತೆಂದರು, ಅರ್ಧ ಜನ ಇಲ್ಲವೆಂದರು, ಎಲ್ಲರೂ ನಕ್ಕರು. ಕೆಸರಾದ ಸೀರೆ ಹಿಡಿದುಕೊಂಡು ಮನೆಗೆ ಬಂದೆ. ಮಧ್ಯಾಹ್ನದ ವಿಶ್ರಾಂತಿಯ ಹೊತ್ತು ಎಂದೋ ಕಳೆದಿತ್ತು.

ಮಾರನೆಯ ಬೆಳಿಗ್ಗೆ ಇಂಜೆಕ್ಷನ್ ಹುಡುಗ ಹೇಳಿದಂತೆ ಬಂದ. ಅದಕ್ಕೆ ಮೊದಲೇ ತಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಹೋರಿ ಸುದ್ದಿ ಹೇಳಡ. ಹೇಳಿದ್ರೆ ಅವ ಒಳ್ಳೆ ಕಡ್ಡಿ ಹಾಕ್ತ್ನಿಲ್ಲೆ," ಎಂದ. ಒಳ್ಳೆ ಕಡ್ಡಿ ಎಂದರೆ ಎಚ್ಚೆಫ್ ಎನ್ನುವ, ಹೆಚ್ಚು ಹಾಲಿನ ವಿದೇಶಿ ತಳಿಯ ಹೋರಿಯದು, ಅದರಲ್ಲೂ ಹೆಣ್ಣು ಕರು ಆಗುವ ವೀರ್ಯಾಣುಗಳನ್ನೇ ಆರಿಸಿ ತುಂಬಿದ್ದು. ನಾನು ಬಿಸಿನೀರಿನ ಪಾತ್ರೆ, ಜ್ವರ ನೋಡುವ ಥರ್ಮಾಮೀಟರು ಎರಡನ್ನೂ ಹಿಡಿದು ನಿಂತಿದ್ದೆ. ಕಡ್ಡಿ ಕರಗಿಸುವ ನೀರು ಮೈಬಿಸಿಗಿಂತ ಹೆಚ್ಚಿರಬಾರದು. ಹುಡುಗ ಬಂದ ಕೂಡಲೇ ಹೋರಿಯ ಸುದ್ದಿ ಹೇಳಿದೆ. ಕೆಲಸ ಮಾಡುವವನಿಗೆ ವಿಷಯ ಗೊತ್ತಿರಬೇಕು.

ಅವನು ಆಕಳನ್ನು ಪರೀಕ್ಷಿಸಿ, ಕೈಗವಸು ತೊಳೆದು, ನಕ್ಕ. "ಒಂದ ಮನಿಗೆ ಇಬ್ಬರು ಅಳಿಯಂದ್ರು ಆತು. ತಡ ಆಗೇತಿ, ಆದ್ರೂ ಹಾಕೂಣು. ಯಾರ ಮೊದಲ ಹೊಕ್ಕಾರೋ ಅವರದ."

ತಮ್ಮ ನನ್ನ ಕಡೆ ನೋಡಿದ ನೋಟವನ್ನು ಬರೆಯುವುದು ಬೇಡ.

ಮೂರು ವಾರ ಕಳೆಯಿತು. ಆಕಳು ಕೂಗಲಿಲ್ಲ. ಇನ್ನೂ ಮೂರು ವಾರ. ಕೂಗಲಿಲ್ಲ. ಕೊನೆಗೆ ದನದ ಡಾಕ್ಟರು ಬಂದು ಕೈ ಹಾಕಿ ನೋಡಿ ಗಬ್ಬ ನಿಂತಿದೆ ಎಂದರು. ತಮ್ಮನ ಹೆಂಡತಿ ಅವರ ಮುಂದೆಯೇ ಆಕಳ ಹಣೆಗೆ ಹಣೆ ಹಚ್ಚಿದಳು. ನಾನು ಒಳಗೆ ಹೋಗಿ ನನ್ನ ಚಹಾ ನಾನೇ ಮಾಡಿಕೊಂಡು, ಹೊತ್ತಿಗೆ ಸರಿಯಾಗಿ ಕುಡಿದೆ.

ಇಲ್ಲಿಗೆ ಮುಗಿಯಬೇಕಾಗಿತ್ತು. ಗಬ್ಬ ನಿಲ್ಲದಿದ್ದರೆ ಕೊಡುತ್ತೇನೆ ಎಂದಿದ್ದ. ನಿಂತಿತು. ಆದರೆ ಊರಿನವರು ದಿನಾ ಅವನನ್ನು ಕೆಣಕುತ್ತಿದ್ದರು. ಅಂಗಡಿಯಲ್ಲಿ ಒಬ್ಬ "ನಿಂಗಳ ಮನೆ ಎಚ್ಚೆಫ್ ಗಿಡ್ಡ ಹುಟ್ತಡ" ಎಂದನಂತೆ. ಇನ್ನೊಬ್ಬ ಹೋರಿಗೆ ಮಾವನ ಮನೆಯಿಂದ ಏನು ಕೊಟ್ಟಿರಿ ಎಂದು ಕೇಳಿದನಂತೆ. ತಮ್ಮನಿಗೆ ಆ ಗಬ್ಬ ಎಂದರೆ ಅವಮಾನವಾಗತೊಡಗಿತು. ಒಂದು ದಿನ ಹೇಳದೆ ಕೇಳದೆ ಗುಡ್ನಾಪುರದವನನ್ನು ಬರಹೇಳಿದ. ಗಬ್ಬದ ಆಕಳಾದರೆ ಅವನಿಗೂ ಸಂತೋಷ. ಆಕಳನ್ನು ಉಳಿಸಬೇಕಾಗಿದ್ದ ಗಬ್ಬವೇ ಅದನ್ನು ಕಳಿಸುವುದಕ್ಕೆ ಅನುಕೂಲವಾಯಿತು.

ಅವನು ಬಂದಾಗ ತಮ್ಮನ ಹೆಂಡತಿಗೆ ವಿಷಯ ತಿಳಿಯಿತು. ಅವಳು ಚಹಾಕ್ಕೆ ನೀರಿಟ್ಟು ಒಲೆಯ ಮುಂದೆಯೇ ನಿಂತಳು. ಬೆನ್ನು ನಮ್ಮ ಕಡೆ.

ಗುಡ್ನಾಪುರದವನು ಕೊಟ್ಟಿಗೆ ನೋಡಿ ಬಂದು ಜಗಲಿಯ ಮೇಲೆ ಕೂತ. ದೊಡ್ಡ ಮೀಸೆಯ, ಸಾವಧಾನದ ಮನುಷ್ಯ. "ಆಕಳ ಚಲೋ ಐತ್ರಿ. ಒಯ್ತೀನಿ. ಯಾವ ಕಡ್ಡಿ ಹಾಕ್ಸೀರಿ?"

"ಎಚ್ಚೆಫ್," ಎಂದ ತಮ್ಮ.

"ಹೆಣ್ಣ ಕರೂನ ಕಡ್ಡೀನ?"

"ಹೌದು."

"ಹಂಗಾರ ಎಚ್ಚೆಫ್ ಹೆಣ್ಣ ಕರು ಅಂತ ಆತು."

"ಹಾಗೆ ಹೇಳಲಿಕ್ಕೆ ಬರೂದಿಲ್ಲ," ಎಂದೆ. ನಾನು ಅಲ್ಲೇ ಕುರ್ಚಿಯಲ್ಲಿ ಪೇಪರು ಓದುತ್ತಿದ್ದೆ.

ತಮ್ಮ ಥಟ್ಟನೆ ತಿರುಗಿದ. "ಅಕ್ಕಯ್ಯ, ಒಳಗೆ ಹೋಗಿ ಚಾ ಆತಾ ನೋಡು."

ನಾನು ಹೋಗಲಿಲ್ಲ. ಪೇಪರು ಮಡಚಿದೆ.

"ಅಂದ್ರ ಏನ್ರಿ ಅಕ್ಕೋರ?" ಎಂದು ಬಂದವನು ಕೇಳಿದ. ಕೇಳಿ ಸುಮ್ಮನೆ ಕೂತ. ಒಂದು ವರ್ಷದಲ್ಲಿ ಈ ವಿಷಯದ ಮೇಲೆ ನನಗೆ ಸಿಕ್ಕ ಮೊದಲ ಪ್ರಶ್ನೆ ಅದು. ಮೊದಲಿಂದ ಶುರು ಮಾಡಿದೆ.

ಹೋರಿ ಹಾರಿದ್ದು ಹಬ್ಬದ ಮಧ್ಯಾಹ್ನ. ಕಡ್ಡಿ ಬಿದ್ದದ್ದು ಮಾರನೆಯ ಬೆಳಿಗ್ಗೆ. ಎರಡರಲ್ಲೂ ವೀರ್ಯಾಣುಗಳು ಲೆಕ್ಕವಿಲ್ಲದಷ್ಟು. ಅಂಡನಾಳದವರೆಗೆ ಮುಟ್ಟುವವು ಬಹಳ ಕಡಿಮೆ. ಅಲ್ಲಿ ಅಂಡಾಣು ಒಂದೇ. ಅದರ ಸುತ್ತ ಸಣ್ಣ ಜೀವಕೋಶಗಳ ಗುಂಪು, ಅದರೊಳಗೆ ಗಾಜಿನಂಥ ಒಂದು ದಪ್ಪ ಕವಚ. ವೀರ್ಯಾಣುವಿನ ತಲೆಯ ತುದಿಯಲ್ಲಿ ಒಂದು ಚೀಲವಿದೆ. ಕವಚಕ್ಕೆ ಅಂಟಿಕೊಂಡ ವೀರ್ಯಾಣುವಿನ ಆ ಚೀಲ ಒಡೆದು, ಅದರಲ್ಲಿರುವ ರಸ ಕವಚವನ್ನು ಕರಗಿಸುತ್ತದೆ. ವೀರ್ಯಾಣು ಬಾಲ ಬಡಿಯುತ್ತ ದಾರಿ ಮಾಡಿಕೊಂಡು ಒಳಗೆ ನುಗ್ಗುತ್ತದೆ. ಒಳಗ ಏನೈತ್ರಿ ಎಂದು ಅವನು ಕೇಳಿದ. ಒಳಗೆ ಅಂಡಾಣುವಿನ ಸ್ವಂತ ಪೊರೆ. ವೀರ್ಯಾಣುವಿನ ಪೊರೆ ಅದಕ್ಕೆ ತಾಗುತ್ತದೆ. ಎರಡೂ ಪೊರೆಗಳ ಮೇಲೆ ಒಂದನ್ನೊಂದು ಹಿಡಿಯುವ ಗುರುತುಗಳಿವೆ. ಹಿಡಿದ ಮೇಲೆ, ಸಾರಿನ ಮೇಲಿನ ಎರಡು ಎಣ್ಣೆಯ ಬಿಲ್ಲೆಗಳ ಹಾಗೆ, ನಡುವಿನ ಗೆರೆ ಅಳಿಸಿಹೋಗಿ ಎರಡಕ್ಕೂ ಸೇರಿ ಒಂದೇ ಪೊರೆಯಾಗುತ್ತದೆ. ವೀರ್ಯಾಣು ತಂದದ್ದೆಲ್ಲ ಅಂಡಾಣುವಿನೊಳಗೆ ಇಳಿಯುತ್ತದೆ.

"ಆಮ್ಯಾಲ ಎರಡನೇದು ಬಂದ್ರ?"

ಒಳ್ಳೆಯ ಪ್ರಶ್ನೆ ಎಂದೆ. ತರಗತಿಯಲ್ಲಿ ಅದನ್ನು ಕೇಳುವವರು ವರ್ಷಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ಮೊದಲನೆಯದು ಕೂಡಿದ ಕೂಡಲೇ ಅಂಡಾಣು ತನ್ನ ಅಂಚಿನಲ್ಲಿ ತುಂಬಿಟ್ಟುಕೊಂಡ ಕಣಗಳನ್ನು ಹೊರಗೆ ಸುರಿಯುತ್ತದೆ. ಹೊರಗಿನ ಕವಚ ಗಟ್ಟಿಯಾಗುತ್ತದೆ. ಆಮೇಲೆ ಬಂದವು ಎಷ್ಟೇ ಬಾಲ ಬಡಿದರೂ ಒಳಗೆ ಪ್ರವೇಶವಿಲ್ಲ. ಒಳಗೆ ಒಂದು ಕಡೆ ತಾಯಿಯ ವರ್ಣತಂತುಗಳು, ಒಂದು ಕಡೆ ತಂದೆಯವು. ಎರಡೂ ನಿಧಾನವಾಗಿ ಹತ್ತಿರ ಬಂದು ನಡುವಿನಲ್ಲಿ ಸೇರುತ್ತವೆ. ಅಲ್ಲಿಂದ ಅದು ಅಂಡಾಣುವೂ ಅಲ್ಲ, ವೀರ್ಯಾಣುವೂ ಅಲ್ಲ. ಕರು.

ಈಗ ಹೋರಿಯದು ಹಿಂದಿನ ದಿನವೇ ಹೋಗಿ, ಸಿದ್ಧವಾಗಿ, ಕಾಯುತ್ತಿತ್ತು. ಕಡ್ಡಿಯದು ತಡವಾಗಿ ಹೋಯಿತು. ಅದಕ್ಕೆ ಹಿಮದಿಂದ ಎದ್ದ ಸುಸ್ತು ಬೇರೆ, ಅವು ಹೆಚ್ಚು ಹೊತ್ತು ಬಾಳುವುದಿಲ್ಲ. ಹೋರಿಯದು ನಿಜವಾಗಿ ಆಗಿದ್ದರೆ ಅದೇ ಮೊದಲು ಹೊಕ್ಕಿರುವ ಸಾಧ್ಯತೆ ಹೆಚ್ಚು. ಖಚಿತವಾಗಿ ಹೇಳಲು ನನ್ನಿಂದಾಗದು.

ಗುಡ್ನಾಪುರದವನು ಮೀಸೆ ಸವರಿಕೊಂಡ. "ಹಂಗಾರ ನೀವು ಹೇಳೂದು, ಹೊಟ್ಟ್ಯಾಗಿಂದು ಗಿಡ್ಡ ಹೋರೀದು."

"ಹೆಚ್ಚಾಗಿ."

"ಕಡ್ಡೀದೂ ಇರಬಹುದು?"

"ಇರಬಹುದು."

ಅವನು ತಮ್ಮನ ಕಡೆ ತಿರುಗಿದ. ತಮ್ಮ ಕಂಬ ನೋಡುತ್ತಿದ್ದ. "ಕರು ಹುಟ್ಟಲಿ ಬಿಡ್ರಿ. ಆಮ್ಯಾಲ ಫೋನ ಮಾಡ್ತೀನಿ," ಎಂದು ಎದ್ದು, ನನಗೆ ಕೈಮುಗಿದು ಹೋದ. ಚಹಾ ಹೊರಗೆ ಬಂದಿರಲೇ ಇಲ್ಲ.

ನಾನು ಬೇಕೆಂದೇ ವ್ಯಾಪಾರ ಕೆಡಿಸಿದೆ ಎಂದು ತಮ್ಮ ಈಗಲೂ ಹೇಳುತ್ತಾನೆ. ಅವನು ಏನು ಬೇಕಾದರೂ ಹೇಳಿಕೊಳ್ಳಲಿ. ಕೇಳಿದ ಪ್ರಶ್ನೆಗೆ ಉತ್ತರ ಹೇಳಿದೆ, ಅಷ್ಟೇ. ಪಾಠ ಮುಗಿಯುವವರೆಗೆ ಯಾರೂ ನಡುವೆ ಸಾರು ಉಣ್ಣಲಿಲ್ಲ.

ಒಳಗೆ ಹೋದೆ. ಚಹಾ ಕುದಿದು ಕುದಿದು ತಳ ಹಿಡಿದಿತ್ತು. ತಮ್ಮನ ಹೆಂಡತಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಅತ್ತಿಗೆ, ಒಂದು ಒಳಗೆ ಹೋದ ಮೇಲೆ ಬಾಗ್ಲು ಹಾಕ್ಕಂಬುದು ಹೌದಾ?"

"ಹೌದು."

"ಹೋದದ್ದು ಮತ್ತೆ ಹೊರಗೆ ಬತ್ತಿಲ್ಲೆ ಅಲ್ದಾ?"

"ಬತ್ತಿಲ್ಲೆ."

"ಹಾಂಗಾರೆ ಸಾಕು," ಎಂದು ಸುಟ್ಟ ಪಾತ್ರೆಯನ್ನು ಬಚ್ಚಲಿಗೆ ಹಾಕಿದಳು. ಉಳಿದ ಪಾಠ ಅವಳಿಗೆ ಬೇಕಿರಲಿಲ್ಲ.

ಮಳೆಗಾಲದಲ್ಲಿ ಕರು ಹುಟ್ಟಿತು, ನಾನು ಮಧ್ಯಾಹ್ನ ಮಲಗಿದ ಹೊತ್ತಿಗೇ. ಕರುವಿನ ಬಣ್ಣ ನೋಡಿದರೆ ತಿಳಿಯುತ್ತದೆ ಎಂದು ನಾನು ಮೊದಲಿನಿಂದ ಹೇಳಿಕೊಂಡು ಬಂದಿದ್ದೆ. ಕರು ಕಪ್ಪು. ಗಿಡ್ಡ ಹೋರಿ ಕಪ್ಪು. ಎಚ್ಚೆಫ್ ಹೋರಿಯ ಬಣ್ಣವೂ ಕೆಂಪು ಆಕಳಿಗೆ ಬಿದ್ದರೆ ಕಪ್ಪೇ ಬರುತ್ತದೆ. ಅದು ನನಗೆ ಮೊದಲೇ ಹೊಳೆಯಬೇಕಿತ್ತು. ಹಣೆಯ ಮೇಲೆ ಒಂದು ಬಿಳಿ ಚುಕ್ಕೆ. ಅದು ಎಚ್ಚೆಫ್ ಲಕ್ಷಣ ಎಂದ ತಮ್ಮ. ಆ ಹೋರಿಯ ತಾಯಿಗೂ ಅಂಥದೇ ಚುಕ್ಕೆ ಇತ್ತು ಎಂದರು ಪಕ್ಕದ ಮನೆಯವರು. ಹೋರಿ ತಮ್ಮದಲ್ಲ ಎಂದಿದ್ದವರು ಅವರೇ. ಹೆಣ್ಣು ಕರುವಾದ್ದರಿಂದ ಕಡ್ಡಿಯದೇ ಎಂದು ತಮ್ಮ ಅಂಗಡಿಯಲ್ಲಿ ಸಾರಿ ಬಂದ. ಹೋರಿಗೆ ಹೆಣ್ಣು ಹುಟ್ಟಬಾರದೆಂದು ಎಲ್ಲಿದೆ ಎಂದು ಕೇಳಿದೆ. ಮೈ ನೋಡಿದರೆ ಸಣ್ಣದೂ ಅಲ್ಲ, ದೊಡ್ಡದೂ ಅಲ್ಲ. ರಕ್ತ ಕಳಿಸಿ ಪರೀಕ್ಷೆ ಮಾಡಿಸಿದರೆ ನಿಶ್ಚಯವಾಗಿ ತಿಳಿಯುತ್ತದೆ ಎಂದೆ. ಯಾರಿಗೂ ನಿಶ್ಚಯ ಬೇಕಾಗಿರಲಿಲ್ಲ. ತಮ್ಮನಿಗೆ ಅದು ಎಚ್ಚೆಫ್ ಎಂದಾದ ಮೇಲೆ ಅದರ ತಾಯಿಯನ್ನು ಕೊಡುವ ಮಾತು ಬಿದ್ದುಹೋಯಿತು.

ಗುಡ್ನಾಪುರದವನು ಮಾತಿನಂತೆ ಫೋನು ಮಾಡಿದ. ಎತ್ತಿದವಳು ತಮ್ಮನ ಹೆಂಡತಿ. ಯಾರದ ಕರು ಅಂತ ಆತ್ರಿ ಎಂದು ಕೇಳಿರಬೇಕು. "ಎಂಗಳದ್ದು," ಎಂದು ಇಟ್ಟುಬಿಟ್ಟಳು. ಅವನು ಇನ್ನೊಂದೆರಡು ಪ್ರಶ್ನೆ ಕೇಳುತ್ತಿದ್ದನೋ ಏನೋ. ಫೋನು ನನಗೆ ಕೊಡಬಹುದಿತ್ತು.

ಈಗ ಆಕಳು ಚೆನ್ನಾಗಿ ಹಾಲು ಕೊಡುತ್ತಿದೆ. ಕರು ಹಾಕಿ ಎರಡು ತಿಂಗಳಾಯಿತು; ಇನ್ನೇನು ಬೆದೆಗೆ ಬರಬೇಕು. ಲೆಕ್ಕ ಹಾಕಿದೆ. ಈ ಸಲವೂ ದೊಡ್ಡಹಬ್ಬದ ಆಸುಪಾಸಿಗೇ ಬರುತ್ತದೆ. ಇಂಜೆಕ್ಷನ್ ಹುಡುಗನಿಗೆ ಈಗಲೇ ಹೇಳಿಟ್ಟಿದ್ದೇನೆ. ಗೋಪೂಜೆಯಾದ ಮೇಲೆ ಕೆಂಪು ಆಕಳನ್ನು ಬಿಡಕೂಡದು, ಕೊಟ್ಟಿಗೆಯಲ್ಲೇ ಕಟ್ಟಬೇಕು ಎಂದು ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಇಬ್ಬರಿಗೂ ಸ್ಪಷ್ಟವಾಗಿ ಹೇಳಿದೆ. ತಮ್ಮ ಸಾರು ಸುರಿದುಕೊಂಡ.

"ಹ್ಞೂಂ ಅತ್ತಿಗೆ," ಎಂದಳು ಅವನ ಹೆಂಡತಿ.

ಇವತ್ತು ಬೆಳಿಗ್ಗೆ ನೋಡಿದರೆ ಕರುವಿನ ಕೊರಳಿಗೆ ಮಾಲೆ ಎಷ್ಟುದ್ದ ಬೇಕಾಗುತ್ತದೆ ಎಂದು ಬಾಳೆನಾರು ಹಿಡಿದು ಅಳತೆ ತೆಗೆಯುತ್ತಿದ್ದಳು. ತಾಯಿಯ ಹಗ್ಗ ಕೆಳಗೆ ಬಿಚ್ಚಿ ಬಿದ್ದಿತ್ತು.